ಮಾಡಿದವರ ಹೆಸರು

ಸಂಸ್ಕೃತದ ‘ಕೃತಜ್ಞ’ ಎಂಬ ಶಬ್ದಕ್ಕೆ ಉಪಕಾರವನ್ನು ಸ್ಮರಿಸುವವನು ಎಂದು ಲೋಕರೂಢಿಯಲ್ಲಿ ಅರ್ಥ ಹೇಳುವರು. ಶಬ್ದವನ್ನು ಬಿಡಿಸಿ ನೋಡಿದರೆ ಅದರ ಮೂಲಾರ್ಥ ಇನ್ನೂ ಸರಳವಾಗಿದೆ. ಕೃತ ಎಂದರೆ ಮಾಡಲ್ಪಟ್ಟದ್ದು. ಜ್ಞ ಎಂದರೆ ಅರಿತವನು. ಯಾರು ಏನನ್ನು ಮಾಡಿದರೆಂಬುದನ್ನು ಅರಿತಿರುವವನೇ ಕೃತಜ್ಞನು. ಅಂತೆಯೇ ‘ಕೃತಘ್ನ’ ಎಂದರೆ ಮಾಡಿದ್ದನ್ನು ಕೊಂದವನು. ಒಬ್ಬನು ಮಾಡಿದ ಕೆಲಸವನ್ನು ಮತ್ತೊಬ್ಬನು ಕೊಲ್ಲುವುದು ಹೇಗೆ? ಕೆಲಸವನ್ನು ಹಾಳುಗೆಡವಬೇಕಾಗಿಲ್ಲ, ಮಾಡಿದವನ ಹೆಸರನ್ನು ಅದರಿಂದ ಅಳಿಸಿದರೆ ಸಾಕು. ಕೆಲಸ ಉಳಿದಿರುತ್ತದೆ, ಅದು ಇಂಥವನಿಂದ ಆಯಿತೆಂಬ ಸತ್ಯ ಮಾತ್ರ ಸತ್ತಿರುತ್ತದೆ. ಬೇರೆ ಅನೇಕ ಪಾಪಗಳಿಗೆ ಪ್ರಾಯಶ್ಚಿತ್ತವನ್ನು ಹೇಳಿದ ಪ್ರಾಚೀನರು ಕೃತಘ್ನತೆಗೆ ಮಾತ್ರ ಅದನ್ನು ಹೇಳಲು ಹಿಂದೆಗೆದುದರ ಮರ್ಮವೂ ಇದೇ ಆಗಿರಬೇಕು.

ಶರಣಧರ್ಮದಲ್ಲಿ ಕಾಯಕಕ್ಕೆ ಇರುವ ಸ್ಥಾನವನ್ನು ಸದ್ಭಕ್ತರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ದೋಣಿ ನಡೆಸುವವನು, ಹಗ್ಗ ಹೊಸೆಯುವವನು, ಬಟ್ಟೆ ಮಡಿ ಮಾಡುವವನು, ನೂಲುವವಳು, ಇವರೆಲ್ಲರ ದುಡಿಮೆಯೂ ಲಿಂಗಪೂಜೆಗೆ ಸಮಾನವಾದುದೆಂದು ಹನ್ನೆರಡನೆಯ ಶತಮಾನದ ಶಿವಶರಣರು ಸಾರಿದರು. ದುಡಿಮೆಯು ಪೂಜೆಯಾದ ಮೇಲೆ, ಒಬ್ಬನ ದುಡಿಮೆಯನ್ನು ಇನ್ನೊಬ್ಬನು ತನ್ನದೆಂದು ಹೇಳಿಕೊಳ್ಳುವುದು ಕೇವಲ ಲೌಕಿಕವಾದ ಅಪರಾಧವಾಗಿ ಉಳಿಯುವುದಿಲ್ಲ. ಅನ್ಯರು ಪೂಜೆಗೆಂದು ಬಿಡಿಸಿಟ್ಟ ಹೂವನ್ನು ಕದ್ದು ತನ್ನ ಪೂಜೆಗೆ ಏರಿಸಿದಂತಾಗುತ್ತದೆ. ಇಷ್ಟನ್ನು ಎಲ್ಲರೂ ಒಪ್ಪುವರು. ಆದರೆ ಅನೇಕರು ಕೂಡಿ ಮಾಡಿದ ಕೆಲಸದಲ್ಲಿ ಯಾರ ಹೆಸರನ್ನು ಎಲ್ಲಿ ಹೇಳತಕ್ಕದ್ದು? ಸಣ್ಣ ಕೆಲಸ ಮಾಡಿದವನಿಗೂ ಹೆಸರು ಸಲ್ಲತಕ್ಕದ್ದೆ? ಮಾಡಿದವನು ಹೆಸರನ್ನು ಬಯಸುವುದೇ ಅಹಂಕಾರವಲ್ಲವೆ? ಈ ಪ್ರಶ್ನೆಗಳು ಅಷ್ಟು ಸುಲಭವಾಗಿ ತೀರತಕ್ಕವಲ್ಲ.

ಈ ಧರ್ಮಪ್ರಶ್ನೆಯು ಇಂದು ಹಿರಿಯರು ನಿರೀಕ್ಷಿಸದ ಒಂದು ಎಡೆಯಲ್ಲಿ ತಲೆಯೆತ್ತಿ ನಿಂತಿದೆ. ಮನೆಯ ಬಾಲಕರು ಗಣಕಯಂತ್ರದ ಮುಂದೆಯೂ ಮೊಬೈಲಿನ ಮೇಲೆಯೂ ಆಡುವ ವಿಡಿಯೋ ಆಟಗಳ ಲೋಕವೇ ಅದು. ಆಟದ ವಿಷಯ ಮಠದ ಪತ್ರಿಕೆಗೆ ಏಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಧರ್ಮವು ಸ್ಥಳವನ್ನು ನೋಡಿ ಬರುವುದಿಲ್ಲ. ಮನುಷ್ಯರು ಕೂಡಿ ದುಡಿಯುವ ಎಡೆಯಲ್ಲೆಲ್ಲ ಅದು ಇದ್ದೇ ಇರುತ್ತದೆ. ಮೇಲಾಗಿ ಆ ಲೋಕದಲ್ಲಿ ದುಡಿಯುವವರಲ್ಲಿ ಅನೇಕರು ತರುಣರು. ನ್ಯಾಯವೆಂದರೇನು, ಕಳವೆಂದರೇನು ಎಂಬ ಪಾಠವನ್ನು ಅವರು ಅಲ್ಲಿಯೇ ಕಲಿಯುತ್ತಿರುವಾಗ ಗೃಹಸ್ಥರು ಅದನ್ನು ಅರಿಯದೆ ಇರುವುದು ಸಲ್ಲದು.

ಒಂದು ಸಂಸ್ಥೆ ಆಟವೊಂದನ್ನು ನಿರ್ಮಿಸಿ ಮಾರುತ್ತದೆ. ಅದನ್ನು ಕೊಂಡು ಆಡುವವರಲ್ಲಿ ಕೆಲವರು ಆಟದಿಂದ ತೃಪ್ತರಾಗದೆ, ಅದರೊಳಗೆ ಹೊಸ ಊರು, ಹೊಸ ಪಾತ್ರ, ಹೊಸ ಕಥೆ, ಹೊಸ ವಾಹನಗಳನ್ನು ತಾವೇ ರಚಿಸಿ ಸೇರಿಸುತ್ತಾರೆ, ಲೋಪಗಳನ್ನು ತಿದ್ದುತ್ತಾರೆ. ಇಂಥ ಮಾರ್ಪಾಡಿಗೆ ಇಂಗ್ಲೀಷಿನಲ್ಲಿ ‘ಮಾಡ್’ ಎಂದು ಹೆಸರು. ಕನ್ನಡದ ಕಿವಿಗೆ ಅದು ‘ಮಾಡು’ ಎಂದೇ ಕೇಳಿಸುವುದು ಆಕಸ್ಮಿಕವಾದರೂ ಅರ್ಥಕ್ಕೆ ಒಪ್ಪುತ್ತದೆ. ಏಕೆಂದರೆ ಇದು ಬರಿಯ ಆಡುವವರು ಮಾಡುವವರಾಗುವ ಕ್ರಿಯೆ. ಒಬ್ಬನು ಚಿತ್ರ ಬಿಡಿಸುತ್ತಾನೆ, ಒಬ್ಬನು ಚಲನೆಯನ್ನು ಹೊಂದಿಸುತ್ತಾನೆ, ಒಬ್ಬಳು ಧ್ವನಿ ನೀಡುತ್ತಾಳೆ, ಒಬ್ಬನು ಬೇರೆ ಭಾಷೆಗೆ ಅನುವಾದಿಸುತ್ತಾನೆ, ಇನ್ನೊಬ್ಬನು ರಾತ್ರಿಯೆಲ್ಲ ಆಡಿ ನೋಡಿ ದೋಷಗಳನ್ನು ಪಟ್ಟಿ ಮಾಡಿ ಕೊಡುತ್ತಾನೆ. ಬಹುತೇಕ ಇವರಾರಿಗೂ ಸಂಬಳವಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದುಡಿದು, ಫಲವನ್ನು ಎಲ್ಲರಿಗೂ ಧರ್ಮಾರ್ಥವಾಗಿ ಹಂಚಿಬಿಡುತ್ತಾರೆ.

ಇದು ಪರದೇಶದ ಮಾತಷ್ಟೇ ಅಲ್ಲ. ಇಂಡೋನೇಷಿಯಾದ ಮಾಲಿಯೋ ಎಂಬ ಸಂಸ್ಥೆ 2017ರಲ್ಲಿ ಹೊರತಂದ ಬಸ್ಸು ನಡೆಸುವ ಆಟವೊಂದಿದೆ. ಆಟಗಾರರು ತಮಗೆ ಬೇಕಾದ ಬಣ್ಣವನ್ನೂ ವಾಹನವನ್ನೂ ಅದಕ್ಕೆ ಜೋಡಿಸಿಕೊಳ್ಳಬಹುದು. ನಮ್ಮ ರಾಜ್ಯ ರಸ್ತೆ ಸಾರಿಗೆಯ ಬಸ್ಸುಗಳ ಬಣ್ಣ, ಬರಹ, ಫಲಕಗಳನ್ನು ಯಥಾವತ್ತಾಗಿ ಬರೆದು ಆ ಆಟದೊಳಗೆ ಓಡಿಸುವ ಹುಡುಗರು ಇಲ್ಲಿಯೂ ಇದ್ದಾರೆ. ಅಂಥವನು ನಿದ್ದೆಗೆಟ್ಟು ಬರೆದ ಬಸ್ಸನ್ನು ಮತ್ತೊಬ್ಬನು ತೆಗೆದುಕೊಂಡು, ಮೂಲೆಯಲ್ಲಿದ್ದ ಹೆಸರನ್ನು ಅಳಿಸಿ, ತನ್ನ ಹೆಸರಿನಿಂದ ಹಂಚಿದರೆ ಹುಡುಗನ ಮನಸ್ಸಿನಲ್ಲಿ ಏನಾಗುತ್ತದೆ? ಮೊದಲು ಅವನು ಅಳುತ್ತಾನೆ; ಆಮೇಲೆ ಅವನೂ ಹಾಗೆಯೇ ಮಾಡಲು ಕಲಿಯುತ್ತಾನೆ, ಅಥವಾ ಮಾಡುವುದನ್ನೇ ಬಿಟ್ಟುಬಿಡುತ್ತಾನೆ. ಎರಡೂ ಹಾನಿಯೇ.

ಈ ಲೋಕದಲ್ಲಿ ನೀತಿ ಇರಲಿಲ್ಲವೆಂದು ಭಾವಿಸತಕ್ಕದ್ದಲ್ಲ. ಅಮೇರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 1993ರಲ್ಲಿ ‘ಡೂಮ್’ ಎಂಬ ಆಟವನ್ನು ಬಿಡುಗಡೆ ಮಾಡಿತು. ಆಟವನ್ನು ನಡೆಸುವ ಯಂತ್ರಭಾಗವನ್ನೂ ಚಿತ್ರ, ಭೂಪಟ, ಶಬ್ದಗಳ ಸಾಮಗ್ರಿಯನ್ನೂ ಅದರಲ್ಲಿ ಬೇರೆಬೇರೆಯಾಗಿ ಇರಿಸಿದ್ದುದರಿಂದ, ಆಟಗಾರರು ತಮ್ಮದೇ ಭೂಪಟಗಳನ್ನು ರಚಿಸಿ ಹಂಚತೊಡಗಿದರು. ಅಂಥ ರಚನೆಯೊಂದಿಗೆ ಒಂದು ಪುಟ್ಟ ಬರಹವನ್ನು ಇರಿಸುವ ಪದ್ಧತಿ ಬೆಳೆಯಿತು. ಕರ್ತೃವಿನ ಹೆಸರೇನು, ಇನ್ನಾರಾರಿಗೆ ಋಣ ಸಲ್ಲುತ್ತದೆ, ಇದು ಹೊಸದಾಗಿ ಕಟ್ಟಿದ್ದೋ ಅನ್ಯರದನ್ನು ತಿದ್ದಿದ್ದೋ, ಯಾವ ಉಪಕರಣದಿಂದ ರಚಿಸಿದ್ದು, ಬೇರೆಯವರು ಇದರ ಮೇಲೆ ಮತ್ತೆ ಕಟ್ಟಬಹುದೋ ಬಾರದೋ ಎಂಬುದನ್ನೆಲ್ಲ ಅದರಲ್ಲಿ ಬರೆಯುತ್ತಿದ್ದರು. ನಮ್ಮ ಓಲೆಗರಿಯ ಕಟ್ಟುಗಳ ಕೊನೆಯಲ್ಲಿ ಪ್ರತಿ ಮಾಡಿದವನು ತನ್ನ ಹೆಸರನ್ನೂ ಬರೆದ ಕಾಲವನ್ನೂ ತಿಳಿಸಿ, ತಪ್ಪಿದ್ದರೆ ತಿದ್ದಿ ಓದಿರೆಂದು ಬೇಡಿಕೊಳ್ಳುತ್ತಿದ್ದುದನ್ನು ಬಲ್ಲವರಿಗೆ ಈ ಪದ್ಧತಿ ಅಪರಿಚಿತವೆನಿಸದು. ದೇಶಕಾಲಗಳು ಬೇರೆಯಾದರೂ ಪ್ರಾಮಾಣಿಕನಾದ ಕೆಲಸಗಾರನ ಮನಸ್ಸು ಒಂದೇ.

ಸಮಸ್ಯೆಯ ಆಳವನ್ನು ತಿಳಿಯಲು ಒಂದು ಉದಾಹರಣೆ ಸಾಕು. ಅಮೇರಿಕದ ಬ್ಲಿಝರ್ಡ್ ಸಂಸ್ಥೆ 2002ರಲ್ಲಿ ‘ವಾರ್‌ಕ್ರಾಫ್ಟ್’ ಆಟದ ಮೂರನೆಯ ಭಾಗವನ್ನು, ಭೂಪಟ ರಚಿಸುವ ಉಪಕರಣದೊಂದಿಗೆ ಹೊರತಂದಿತು. ಮರುವರ್ಷ ‘ಯೂಲ್’ ಎಂಬ ಅಡ್ಡಹೆಸರಿನವನೊಬ್ಬನು ಆ ಉಪಕರಣದಿಂದ ‘ಡೋಟಾ’ ಎಂಬ ಹೊಸ ಬಗೆಯ ಆಟವನ್ನು ರಚಿಸಿದನು. ಅವನಿಗೂ ಹಿಂದೆ ‘ಸ್ಟಾರ್‌ಕ್ರಾಫ್ಟ್’ ಎಂಬ ಆಟಕ್ಕೆ ಯಾರೋ ರಚಿಸಿದ್ದ ಭೂಪಟವೊಂದರಿಂದ ಪ್ರೇರಣೆ ದೊರೆತಿತ್ತು. ಅನಂತರ ಹಲವರು ತಮ್ಮ ತಮ್ಮ ಪಾಠಾಂತರಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಉತ್ತಮವಾದುದನ್ನೆಲ್ಲ ಆಯ್ದು ಒಂದುಗೂಡಿಸಿದ ಸಂಗ್ರಹವೊಂದು ಹುಟ್ಟಿತು. ಅದನ್ನು ಸ್ಟೀವ್ ಫೀಕ್ ಎಂಬವರು ಬೆಳೆಸಿದರು. 2005ರಿಂದ ‘ಐಸ್‌ಫ್ರಾಗ್’ ಎಂಬ ಅಡ್ಡಹೆಸರಿನವರು ಮುಂದುವರಿಸಿದರು. ಇವರೆಲ್ಲರ ಬೆನ್ನಿಗೆ, ಹೊಸ ಪಾತ್ರಗಳನ್ನು ಸೂಚಿಸಿದವರು, ಲೋಪಗಳನ್ನು ತೋರಿಸಿಕೊಟ್ಟವರು ಅಸಂಖ್ಯಾತರಾಗಿದ್ದರು.

ಯೂಲ್ ತನ್ನ ರಚನೆಯಿಂದ ಹಿಂದೆ ಸರಿದಾಗ ಮಾಡಿದ ಪ್ರಕಟಣೆ ಗಮನಾರ್ಹವಾಗಿದೆ. ಇನ್ನು ಮುಂದೆ ಯಾರು ಬೇಕಾದರೂ ತನ್ನ ಅಪ್ಪಣೆಯಿಲ್ಲದೆಯೇ ಇದನ್ನು ತೆಗೆದುಕೊಂಡು ತಮ್ಮ ಪಾಠವನ್ನು ಹೊರತರಬಹುದು. ಋಣಸ್ಮರಣೆಯ ಪಟ್ಟಿಯಲ್ಲಿ ತನ್ನನ್ನು ಒಮ್ಮೆ ನೆನೆದರೆ ಸಾಕು, ಎಂಬುದು 2004ರ ಆ ಪ್ರಕಟಣೆಯ ತಾತ್ಪರ್ಯ. ಹೊಲವನ್ನೇ ಬಿಟ್ಟುಕೊಟ್ಟವನು ಬದುವಿನ ಮೇಲೆ ತನ್ನ ಹೆಸರಿನದೊಂದು ಕಲ್ಲು ಉಳಿಯಲೆಂದು ಕೇಳಿದಂತಾಯಿತು. ಮುಂದೆ ವಾಲ್ವ್ ಎಂಬ ಸಂಸ್ಥೆ ಯೂಲ್ ಮತ್ತು ಐಸ್‌ಫ್ರಾಗರಿಂದ ಹಕ್ಕುಗಳನ್ನು ಬರೆಯಿಸಿಕೊಂಡು, 2013ರಲ್ಲಿ ‘ಡೋಟಾ 2’ ಎಂಬ ಸ್ವತಂತ್ರ ಆಟವನ್ನು ಬಿಡುಗಡೆ ಮಾಡಿತು. 2021ರಲ್ಲಿ ಅದರ ಜಾಗತಿಕ ಪಂದ್ಯದ ಬಹುಮಾನದ ಮೊತ್ತ ನಾಲ್ಕು ಕೋಟಿ ಡಾಲರುಗಳನ್ನು ಮೀರಿತು. 2017ರಲ್ಲಿ, ಬೇರೊಂದು ಸಂಸ್ಥೆಯ ಅನುಕರಣೆಯ ಬಗ್ಗೆ ಹೂಡಿದ ವ್ಯಾಜ್ಯದಲ್ಲಿ, ಕ್ಯಾಲಿಫೋರ್ನಿಯಾದ ನ್ಯಾಯಾಲಯವು ಯೂಲನ ಆ ಹಳೆಯ ಮಾತಿನ ಅರ್ಥವೇನು, ಇಷ್ಟು ಕೈಗಳಿಂದ ಬೆಳೆದ ಕೃತಿಯ ಒಡೆತನ ಯಾರದು ಎಂದು ವಿಚಾರಿಸಬೇಕಾಯಿತು. ಧನದ ಲೆಕ್ಕವನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ಧರ್ಮದ ದೃಷ್ಟಿಯಿಂದ ನೋಡತಕ್ಕ ಅಂಶವೆಂದರೆ, ಮೊದಲ ಕರ್ತೃ ಕೇಳಿದ್ದು ಧನವನ್ನಲ್ಲ, ಹೆಸರಿನ ಸ್ಮರಣೆಯನ್ನು. ಆ ಆಟದೊಳಗಿನ ಒಂದು ರಾಜದಂಡಕ್ಕೆ ‘ಯೂಲನ ದಂಡ’ವೆಂಬ ಹೆಸರು ‘ಡೋಟಾ 2’ರಲ್ಲಿಯೂ ಉಳಿದು ಬಂದಿದೆ.

ಇಲ್ಲಿ ಒಂದು ಶಂಕೆ ಏಳುತ್ತದೆ. ಅದು ಹಗುರವಾದುದೂ ಅಲ್ಲ. ಮಾಡಿದೆನೆಂಬ ಭಾವ, ನೀಡಿದೆನೆಂಬ ಭಾವ ಮನಸ್ಸಿನಲ್ಲಿ ಸುಳಿದರೂ ಮಾಡಿದ್ದು ವ್ಯರ್ಥವೆಂಬುದು ಬಸವಣ್ಣನವರ ಬೋಧೆ. ದಾನಕ್ಕೂ ದಾಸೋಹಕ್ಕೂ ಇರುವ ಭೇದವೇ ಇದು: ದಾನಿಯು ತಾನು ಕೊಡುವವನೆಂದು ನಿಲ್ಲುತ್ತಾನೆ, ದಾಸೋಹಿಯು ತಾನು ದಾಸನೆಂದು ಬಾಗುತ್ತಾನೆ. ಹಾಗಿರುವಾಗ, ಧರ್ಮಾರ್ಥವಾಗಿ ಹಂಚಿದ ಮೇಲೆ ನನ್ನ ಹೆಸರೆಲ್ಲಿ ಎಂದು ಕೇಳುವವನು ದಾಸೋಹಿಯೇ? ಅವನ ದೂರಿಗೆ ಧರ್ಮವು ಕಿವಿಗೊಡಬೇಕೆ? ಹೆಸರನ್ನು ಅಳಿಸಿದವನು ಒಂದು ರೀತಿಯಲ್ಲಿ ಅವನ ಅಹಂಕಾರವನ್ನೇ ಅಳಿಸಿ ಉಪಕಾರ ಮಾಡಿದನೆಂದು ಏಕೆ ಹೇಳಬಾರದು?

ಇದಕ್ಕೆ ಸಮಾಧಾನವೇನೆಂದರೆ, ಕೊಡುವವನ ಧರ್ಮವೇ ಬೇರೆ, ಕೊಳ್ಳುವವನ ಧರ್ಮವೇ ಬೇರೆ. ಕೊಟ್ಟದ್ದನ್ನು ಮರೆಯತಕ್ಕದ್ದು ಕೊಡುವವನು. ಕೊಂಡದ್ದನ್ನು ಮರೆಯಬಾರದವನು ಕೊಳ್ಳುವವನು. ಒಬ್ಬನಿಗೆ ವಿಧಿಸಿದ ನಿಯಮವನ್ನು ಇನ್ನೊಬ್ಬನು ತನ್ನ ಅನುಕೂಲಕ್ಕೆ ಎತ್ತಿಕೊಂಡರೆ ಧರ್ಮವೇ ಅಧರ್ಮದ ಆಯುಧವಾಗುತ್ತದೆ. ಮನೆಯಲ್ಲಿ ಉಂಡ ಅತಿಥಿಯು, ನೀವು ನಿಷ್ಕಾಮಿಗಳಾದ್ದರಿಂದ ನಿಮಗೆ ಶರಣೆನ್ನುವುದಿಲ್ಲವೆಂದು ಎದ್ದು ಹೋದರೆ ಅದನ್ನು ವೈರಾಗ್ಯಬೋಧೆಯೆಂದು ಯಾರೂ ಕರೆಯರು. ಅನ್ಯರ ಅಹಂಕಾರವನ್ನು ಕಳೆಯುವ ಅಧಿಕಾರ ಗುರುವಿಗೆ ಉಂಟು, ಕಳ್ಳನಿಗೆ ಇಲ್ಲ. ಮೇಲಾಗಿ ಒಬ್ಬನ ಹೆಸರನ್ನು ಅಳಿಸಿದವನು ಆ ಸ್ಥಳವನ್ನು ಬರಿದಾಗಿ ಬಿಡುವುದಿಲ್ಲ, ತನ್ನ ಹೆಸರನ್ನು ಅಲ್ಲಿ ಬರೆಯುತ್ತಾನೆ. ಅಹಂಕಾರ ಅಲ್ಲಿ ಕಡಿಮೆಯಾಗಲಿಲ್ಲ. ಅರ್ಹನಿಂದ ಅನರ್ಹನಿಗೆ ವರ್ಗವಾಯಿತಷ್ಟೆ.

ಶಿವಶರಣರು ಈ ಸಮಸ್ಯೆಯನ್ನು ತಮ್ಮ ವಾಙ್ಮಯದಲ್ಲಿಯೇ ಬಿಡಿಸಿಟ್ಟಿದ್ದಾರೆ. ವಚನದ ಕೊನೆಯ ಅಂಕಿತವನ್ನು ನೋಡಬಹುದು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭುದೇವರು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿಯವರು ಎಂಬುದು ಕೇಳಿದೊಡನೆಯೇ ತಿಳಿಯುತ್ತದೆ. ಅಂಕಿತವು ಹೇಳುವುದು ಇಷ್ಟದೈವದ ಹೆಸರನ್ನು; ಅದರಿಂದ ತಿಳಿಯುವುದು ನುಡಿದವರ ಹೆಸರು. ನುಡಿದವರು ತಮ್ಮನ್ನು ಮುಂದೊಡ್ಡಲಿಲ್ಲ. ಆದರೂ ಇದು ಇಂಥವರ ನುಡಿಯೆಂಬ ಸತ್ಯಕ್ಕೆ ಲೋಪ ಬರಲಿಲ್ಲ. ನಿರಹಂಕಾರವೂ ಯಾಥಾರ್ಥ್ಯವೂ ಒಂದೇ ಶಬ್ದದಲ್ಲಿ ಕೂಡಿಕೊಂಡವು. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವನ್ನಾಗಿ ಮಾಡಿಕೊಂಡರು, ಅದೂ ಕಾಯಕದೊಡನೆ ಸೇರಿಸಿ. ದೋಣಿ ನಡೆಸುವವನು ಈ ಮಾತನ್ನು ಆಡಿದನೆಂದು ಲೋಕಕ್ಕೆ ತಿಳಿಯಲೆಂಬ ಆ ಧೈರ್ಯವನ್ನು ಅಹಂಕಾರವೆಂದು ಕರೆಯಲು ಯಾರಿಗೂ ನಾಲಗೆ ಏಳದು. ಹೆಸರಿಲ್ಲದವರೆಂದು ಲೋಕ ಬದಿಗೊತ್ತಿದ್ದವರಿಗೆ ತಮ್ಮ ಹೆಸರು ಹೇಳಿಕೊಳ್ಳುವುದೇ ಒಂದು ಸತ್ಯವ್ರತ.

ಅಂಕಿತದ ಫಲವನ್ನು ಇತಿಹಾಸವೇ ತೋರಿಸಿಕೊಟ್ಟಿದೆ. ವಚನಗಳು ಶತಮಾನಗಳ ಕಾಲ ಮನೆಮನೆಯ ಓಲೆಗರಿಗಳಲ್ಲಿ ಚದುರಿದ್ದವು. ಫ. ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಇಂದು ವಚನಗಳನ್ನು ಒಬ್ಬೊಬ್ಬ ಶರಣರ ಹೆಸರಿನಲ್ಲಿ ಬೇರ್ಪಡಿಸಿ ಓದಲು ಸಾಧ್ಯವಾಗಿರುವುದು ಅಂಕಿತ ಅಳಿಯದೆ ಉಳಿದುದರಿಂದ. ಕದಿರೆಯ ರೆಮ್ಮವ್ವೆ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣೆಯರ ನುಡಿಗಳು ಹಿರಿಯರ ಹೆಸರಿನಲ್ಲಿ ಕರಗಿಹೋಗದೆ ಉಳಿದುದೂ ಇದರಿಂದಲೇ. ಕೆಲವು ವಚನಗಳಲ್ಲಿ ಅಂಕಿತ ಮಾತ್ರ ಉಂಟು, ಕರ್ತೃ ಯಾರೆಂದು ತಿಳಿಯದು. ಅಲ್ಲಿಯೂ ಲಿಪಿಕಾರರು ಅದನ್ನು ದೊಡ್ಡವರ ಲೆಕ್ಕಕ್ಕೆ ಸೇರಿಸಿಬಿಡಲಿಲ್ಲ. ‘ಶೂನ್ಯಸಂಪಾದನೆ’ಯನ್ನು ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಮೇಲೆ ಮೂವರು ಅದನ್ನು ಮತ್ತೆ ಪರಿಷ್ಕರಿಸಿದರು. ಹೊಸ ಪ್ರಸಂಗಗಳು ಸೇರಿದವು, ಕ್ರಮ ಬದಲಾಯಿತು. ಇಂದಿನವರ ಮಾತಿನಲ್ಲಿ ಹೇಳುವುದಾದರೆ ಅದೂ ಮಾರ್ಪಾಡಿನ ಮೇಲೆ ಮಾರ್ಪಾಡು. ಆದರೆ ಯಾವ ಸಂಕಲನಕಾರನೂ ಒಬ್ಬರ ವಚನದ ಅಂಕಿತವನ್ನು ಕಿತ್ತು ತನ್ನದನ್ನು ಇಡಲಿಲ್ಲ. ಪೋಣಿಸಿದ ದಾರ ತನ್ನದು, ಮುತ್ತು ಶರಣರದು ಎಂಬ ವಿವೇಕ ಅವರಿಗಿತ್ತು.

ಎರಡನೆಯ ಶಂಕೆಯನ್ನು ಲೌಕಿಕರು ಎತ್ತುವರು. ಹಣವೇ ಇಲ್ಲದ ಕೆಲಸದಲ್ಲಿ ಹೆಸರಿಗೆ ಇಷ್ಟು ವಾದವೇಕೆ ಎಂಬುದು ಅವರ ಆಕ್ಷೇಪ. ಸಂಬಳವಿಲ್ಲದ ದುಡಿಮೆಯಲ್ಲಿ ಹೆಸರೊಂದೇ ಸಂಬಳ. ಸಂಬಳವುಳ್ಳವನ ಹೆಸರನ್ನು ಮರೆತರೆ ಅವನಿಗೆ ಅರ್ಧ ಅನ್ಯಾಯ. ಸಂಬಳವಿಲ್ಲದವನ ಹೆಸರನ್ನು ಮರೆತರೆ ಪೂರ್ಣ ಅನ್ಯಾಯ. ಇದಲ್ಲದೆ ಹಣವು ಯಾವಾಗಲೂ ದೂರವೇ ಉಳಿಯುವುದಿಲ್ಲ. ‘ಸ್ಕೈರಿಮ್’ ಎಂಬ ಆಟದ ಮಾರ್ಪಾಡುಗಳನ್ನು ಮಾರುವ ವ್ಯವಸ್ಥೆಯೊಂದನ್ನು ವಾಲ್ವ್ ಮತ್ತು ಬೆಥೆಸ್ಡಾ ಸಂಸ್ಥೆಗಳು 2015ರ ಏಪ್ರಿಲಿನಲ್ಲಿ ಪ್ರಾರಂಭಿಸಿದವು. ಬಂದ ಹಣದಲ್ಲಿ ಮಾಡಿದವನಿಗೆ ನೂರಕ್ಕೆ 25 ಪಾಲು, ಉಳಿದ 75 ಪಾಲು ಆ ಎರಡು ಸಂಸ್ಥೆಗಳಿಗೆ. ಮೊದಲ ದಿನಗಳಲ್ಲಿಯೇ, ಮೀನು ಹಿಡಿಯುವ ಮಾರ್ಪಾಡೊಂದು ಇನ್ನೊಬ್ಬನು ಉಚಿತವಾಗಿ ಹಂಚಿದ್ದ ಚಲನೆಯ ಉಪಕರಣವನ್ನು ಆಧರಿಸಿದೆ, ಅವನ ಸಮ್ಮತಿ ಪಡೆದಿಲ್ಲ ಎಂಬ ಆಕ್ಷೇಪ ಬಂದು, ಅದನ್ನು ಹಿಂತೆಗೆಯಬೇಕಾಯಿತು. ಎಲ್ಲ ಕಡೆಯಿಂದಲೂ ವಿರೋಧವೆದ್ದು ಆ ವ್ಯವಸ್ಥೆಯೇ ನಾಲ್ಕೈದು ದಿನಗಳಲ್ಲಿ ನಿಂತುಹೋಯಿತು. ಉಚಿತವಾಗಿದ್ದಾಗ ಯಾರೂ ಕೇಳದಿದ್ದ ಋಣಗಳೆಲ್ಲ ಹಣ ಬಂದೊಡನೆ ಎದ್ದು ನಿಂತವು. ಹೆಸರಿನ ಲೆಕ್ಕವನ್ನು ಮೊದಲಿನಿಂದ ಸರಿಯಾಗಿ ಇಟ್ಟಿದ್ದರೆ ಹಣದ ಲೆಕ್ಕವೂ ಸುಲಭವಾಗುತ್ತಿತ್ತು.

ಆಯ್ದಕ್ಕಿ ಮಾರಯ್ಯನವರ ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಚೆಲ್ಲಿದ ಅಕ್ಕಿಗೆ ಯಜಮಾನನಿಲ್ಲ. ಆಯ್ದುಕೊಳ್ಳುವುದನ್ನು ಯಾರೂ ತಡೆಯುತ್ತಿರಲಿಲ್ಲ. ಆದರೂ ತಮ್ಮ ಕಾಯಕಕ್ಕೆ ಸಲ್ಲುವುದೆಷ್ಟು, ಸಲ್ಲದುದೆಷ್ಟು ಎಂಬ ಗೆರೆಯನ್ನು ಆ ತಾಯಿ ತಾವೇ ಎಳೆದುಕೊಂಡರು. ಹೆಸರಿನ ವಿಷಯದಲ್ಲಿಯೂ ಇದೇ ನ್ಯಾಯ. ತಡೆಯುವವರಿಲ್ಲವೆಂದ ಮಾತ್ರಕ್ಕೆ ತನ್ನದಲ್ಲದ ಕೀರ್ತಿಯನ್ನು ಮಡಿಲಿಗೆ ತುಂಬಿಕೊಳ್ಳುವುದು ಆಸೆಯೇ ಹೊರತು ಕಾಯಕವಲ್ಲ.

ಹಾಗಾದರೆ ನ್ಯಾಯವಾದ ಋಣಸ್ಮರಣೆಯ ಲಕ್ಷಣವೇನು? ಮೊದಲನೆಯದಾಗಿ, ಅಪ್ಪಣೆ, ಹೆಸರು, ಪಾಲು ಎಂಬ ಮೂರು ಋಣಗಳು ಬೇರೆಬೇರೆ. ಒಂದನ್ನು ತೀರಿಸಿದರೆ ಇನ್ನೊಂದು ತೀರುವುದಿಲ್ಲ. ಹೆಸರನ್ನು ಹೇಳಿದ್ದೇವೆ, ಅಪ್ಪಣೆ ಏಕೆಂಬ ವಾದವು ಪರರ ಹೊಲದಲ್ಲಿ ಕೊಯ್ದು, ಯಾರ ಹೊಲವೆಂದು ಸಾರಿದ್ದೇನಲ್ಲಾ ಎಂದಂತೆ. ಸ್ಕೈರಿಮ್ ಆಟದಲ್ಲಿ ಧ್ವನಿ ನೀಡಿದ ಕಲಾವಿದರ ಸ್ವರವನ್ನು ಕೃತಕಬುದ್ಧಿಯ ಯಂತ್ರದಿಂದ ಅನುಕರಿಸಿ, ಅವರೆಂದೂ ಆಡದ, ಆಡಲೊಪ್ಪದ ಅಶ್ಲೀಲದ ಮಾತುಗಳನ್ನು ಕೆಲವು ಮಾರ್ಪಾಡುಗಳಲ್ಲಿ ಆಡಿಸಿದುದಕ್ಕೆ 2023ರಲ್ಲಿ ಆ ಕಲಾವಿದರು ಪ್ರತಿಭಟಿಸಿದರು. ಅಂಥ ಕಡೆ ಅವರ ಹೆಸರನ್ನು ಬರೆಯುವುದು ಗೌರವವಲ್ಲ, ಎರಡನೆಯ ಅಪರಾಧ.

ಎರಡನೆಯದಾಗಿ, ಹೆಸರಿನೊಂದಿಗೆ ಕೆಲಸವನ್ನೂ ಹೇಳತಕ್ಕದ್ದು. ನೂರು ಹೆಸರುಗಳ ಪಟ್ಟಿಯನ್ನು ಕೊನೆಯಲ್ಲಿ ಸುರಿದು, ವರ್ಷವೆಲ್ಲ ದುಡಿದವನನ್ನೂ ಒಂದು ಮಾತು ಹೇಳಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸಮತೆಯಾಗುವುದಿಲ್ಲ. ಸತ್ಯವು ಗುಂಪಿನಲ್ಲಿ ಅಡಗಿಹೋಗುತ್ತದೆ. ಚಿತ್ರ ಇವರದು, ಕಥೆ ಇವರದು, ದೋಷ ತೋರಿಸಿದವರು ಇವರು, ಹಳೆಯ ಯಾವ ಕೃತಿಯ ಮೇಲೆ ಇದು ನಿಂತಿದೆ ಎಂದು ಬಿಡಿಸಿ ಹೇಳಿದರೆ ದೊಡ್ಡವರಿಗೆ ದೊಡ್ಡದಾಗಿಯೂ ಸಣ್ಣವರಿಗೆ ಸಣ್ಣದಾಗಿಯೂ ಸಲ್ಲುತ್ತದೆ, ಯಾರಿಗೂ ಇಲ್ಲವೆಂದಾಗುವುದಿಲ್ಲ. 1999ರಲ್ಲಿ ‘ಹಾಫ್-ಲೈಫ್’ ಆಟದ ಮಾರ್ಪಾಡಾಗಿ ಹುಟ್ಟಿದ ‘ಕೌಂಟರ್-ಸ್ಟ್ರೈಕ್’ ನಮ್ಮ ಪಟ್ಟಣಗಳ ಸೈಬರ್ ಕೆಫೆಗಳಲ್ಲಿಯೂ ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿತ್ತು. ಅದರ ‘ಡಸ್ಟ್’ ಎಂಬ ಪ್ರಸಿದ್ಧ ಭೂಪಟವನ್ನು ರಚಿಸಿದ ಡೇವ್ ಜಾನ್‌ಸ್ಟನ್ ಎಂಬ ಇಂಗ್ಲೀಷ್ ತರುಣರು ಮುಂದೆ ಅದರ ನಿರ್ಮಾಣದ ವೃತ್ತಾಂತವನ್ನು ಬರೆದಾಗ, ಅದರ ನೋಟಕ್ಕೆ ಆಗ ಇನ್ನೂ ಬಿಡುಗಡೆಯಾಗದಿದ್ದ ಬೇರೊಂದು ಆಟದ ಚಿತ್ರಗಳು ಪ್ರೇರಣೆಯೆಂದು ತಾವಾಗಿಯೇ ಹೇಳಿಕೊಂಡರು. ಕೇಳುವವರಿಲ್ಲದಿದ್ದರೂ ಹೇಳಿದ ಈ ಮಾತಿನಿಂದ ಅವರ ಕೀರ್ತಿ ಕುಂದಲಿಲ್ಲ. ಋಣವನ್ನು ಒಪ್ಪಿಕೊಂಡವನ ಸ್ವಂತ ಭಾಗದ ಮೇಲೆ ಲೋಕಕ್ಕೆ ಹೆಚ್ಚು ನಂಬಿಕೆ ಹುಟ್ಟುತ್ತದೆ.

ಮೂರನೆಯದು ಕಠಿನವಾದುದು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಅಧಿಕಾರ ಮಾಡಿದವನಿಗೆ ಉಂಟೆ? ‘ನೆಕ್ಸಸ್ ಮಾಡ್ಸ್’ ಎಂಬ ದೊಡ್ಡ ಮಾರ್ಪಾಡುಭಂಡಾರವು 2021ರಲ್ಲಿ, ಒಮ್ಮೆ ಅಲ್ಲಿ ಇರಿಸಿದ ಕೃತಿಯನ್ನು ಇನ್ನು ಮುಂದೆ ಪೂರ್ಣವಾಗಿ ಅಳಿಸಲಾಗದು, ಕಣ್ಮರೆ ಮಾಡಬಹುದು ಅಷ್ಟೆ ಎಂದು ನಿಯಮ ಮಾಡಿತು. ಅನೇಕ ಕೃತಿಗಳನ್ನು ಪೋಣಿಸಿ ಒಂದು ಕಟ್ಟಾಗಿ ಕೊಡುವ ಯೋಜನೆಗೆ, ನಡುವಿನದೊಂದು ಮಾಯವಾದರೆ ಕಟ್ಟೆಲ್ಲ ಕೆಡುವುದೆಂಬುದು ಅದರ ಕಾರಣ. ಒಪ್ಪದವರು ನಿಗದಿಯಾದ ಅವಧಿಯೊಳಗೆ ತಮ್ಮದನ್ನು ತೆಗೆದುಕೊಂಡು ಹೋಗಲು ಅವಕಾಶವಿತ್ತು. ಹಲವರು ನೊಂದು ಹಾಗೆಯೇ ಹೋದರು. ಉಭಯಪಕ್ಷದಲ್ಲಿಯೂ ಧರ್ಮದ ಅಂಶವಿದೆ. ದಾಸೋಹಕ್ಕೆ ಇಳಿಸಿದ ಧಾನ್ಯವನ್ನು ಅಡಿಗೆ ನಡೆದಿರುವಾಗ ಹಿಂದಕ್ಕೆ ಕೇಳುವುದು ಸಲ್ಲದು, ಉಣ್ಣಲು ಕುಳಿತವರಿದ್ದಾರೆ. ಆದರೆ ಧಾನ್ಯ ತಂದಾಗ ಇಲ್ಲದ ಕರಾರನ್ನು ಆಮೇಲೆ ಹೇರುವುದೂ ಸಲ್ಲದು. ಮುಂಚಿತವಾಗಿ ತಿಳಿಸಿ, ಒಲ್ಲದವರಿಗೆ ದಾರಿ ಬಿಟ್ಟು, ಉಳಿದವರ ಹೆಸರನ್ನು ಮಸುಕಾಗಿಸದೆ ನಡೆದರೆ ಅಂಥ ನಿಯಮ ಸಹ್ಯವಾಗುತ್ತದೆ. ಇದಕ್ಕೆ ಹೋಲಿಸಿದರೆ, ಬ್ಲಿಝರ್ಡ್ ಸಂಸ್ಥೆ 2020ರಲ್ಲಿ ವಾರ್‌ಕ್ರಾಫ್ಟಿನ ಹೊಸ ಆವೃತ್ತಿಯೊಂದಿಗೆ, ಆಟಗಾರರು ರಚಿಸುವ ಆಟಗಳೆಲ್ಲ ತನ್ನ ಸೊತ್ತೆಂದು ಬರೆಯಿಸಿಕೊಳ್ಳುವ ಕರಾರನ್ನು ಮುಂದಿಟ್ಟುದು ಬೇರೆ ಜಾತಿಯದು. ಹೊಲ ತನ್ನದೆಂಬ ಕಾರಣಕ್ಕೆ ಬೆವರೂ ತನ್ನದೆಂದು ಒಡೆಯನು ಹೇಳಿದಂತಾಯಿತು. ಕಾಗದದ ಮೇಲೆ ಅದು ಸಿಂಧುವಾಗಬಹುದು. ಮನಸ್ಸಾಕ್ಷಿಯು ಕಾಗದವನ್ನು ಓದುವುದಿಲ್ಲ.

ಪ್ರಸಾದತತ್ತ್ವವನ್ನು ಬಲ್ಲವರಿಗೆ ಇದರ ಸಾರ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಅನ್ನವು ಎಲ್ಲಿಂದ ಬಂದಿತೆಂಬ ಅರಿವಿನಿಂದ ಸ್ವೀಕರಿಸಿದಾಗ ಪ್ರಸಾದ. ಆ ಅರಿವು ತಪ್ಪಿದಾಗ ಬರಿಯ ಪದಾರ್ಥ. ಅನ್ಯರ ದುಡಿಮೆಯೂ ಹಾಗೆಯೇ. ಹೆಸರನ್ನು ಹೇಳಿ ಕೊಂಡರೆ ಅದು ಪ್ರಸಾದವಾಗಿ ಇಬ್ಬರನ್ನೂ ಬೆಳೆಸುತ್ತದೆ. ಹೆಸರನ್ನು ನುಂಗಿ ಕೊಂಡರೆ ಅಜೀರ್ಣವಾಗುತ್ತದೆ.

ಗೃಹಸ್ಥರು ಇದನ್ನು ಮಕ್ಕಳಿಗೆ ಬೋಧಿಸುವ ಮೊದಲು ತಮ್ಮ ಮನೆ, ತಮ್ಮ ಊರುಗಳ ಕಡೆಗೂ ಒಮ್ಮೆ ನೋಡತಕ್ಕದ್ದು. ಛತ್ರದ ಗೋಡೆಯಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲು ಇರುತ್ತದೆ. ಆ ಕಲ್ಲನ್ನು ಕೆತ್ತಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಮದುವೆಯ ಊಟ ಚೆನ್ನಾಗಿತ್ತೆಂದು ಯಜಮಾನನನ್ನು ಹೊಗಳುವರು. ಹೊಗೆಯಲ್ಲಿ ನಿಂತವರನ್ನು ಕೇಳುವವರಿಲ್ಲ. ಸೊಸೆ ಮಾಡಿದ ಕೆಲಸ ಅತ್ತೆಯ ಲೆಕ್ಕಕ್ಕೆ, ಶಿಷ್ಯನು ಹುಡುಕಿದ ಪಾಠ ಗುರುವಿನ ಲೆಕ್ಕಕ್ಕೆ ಸಂದುಹೋಗುವುದನ್ನು ಕಂಡು ಬೆಳೆದ ಹುಡುಗನು, ಆಟದ ಲೋಕದಲ್ಲಿ ಇನ್ನೊಬ್ಬನ ಹೆಸರನ್ನು ಅಳಿಸುವಾಗ ಹೊಸ ಪಾಪವನ್ನೇನೂ ಕಲಿಯುತ್ತಿಲ್ಲ. ಮನೆಯಲ್ಲಿ ಕಂಡುದನ್ನೇ ಮಾಡುತ್ತಿದ್ದಾನೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಇದನ್ನು ಮಾಡಿದವರು ಯಾರೆಂದು ಕೇಳಿ, ಹೆಸರು ಹಿಡಿದು ಶರಣೆನ್ನುವ ರೂಢಿಯನ್ನು ಮನೆಯಲ್ಲಿ ಪ್ರಾರಂಭಿಸಬಹುದು. ಆ ಹುಡುಗನು ತನ್ನ ಬಸ್ಸಿನ ಚಿತ್ರದ ಕೆಳಗೆ, ಗಾಲಿ ಬರೆದುಕೊಟ್ಟ ಗೆಳೆಯನ ಹೆಸರನ್ನೂ ಬರೆಯುವ ದಿನ ಆಗ ದೂರವಿರುವುದಿಲ್ಲ.

ಮಾಡಿದವನು ಮರೆಯಲಿ; ಪಡೆದವನು ನೆನೆಯಲಿ. ಈ ಎರಡೂ ಕೂಡಿದ ಎಡೆಯಲ್ಲಿ ಕಾಯಕವು ನಿಲ್ಲುತ್ತದೆ, ದಾಸೋಹವು ನಡೆಯುತ್ತದೆ.